ಹುಟ್ಟದ ಕೂಸಿನ ದೀಕ್ಷೆ

ಆ ದಿನ ಬೆಳಿಗ್ಗೆ ಪೀಣ್ಯದ ಮೇಲೆ ಮೋಡ ಇಳಿದು ಕೂತಿತ್ತು. ಮಳೆಯೆನ್ನುವಂಥ ಮಳೆಯಲ್ಲ. ಬಂಗಾಳ ಕೊಲ್ಲಿಯಲ್ಲಿ ಏನಾದರೂ ಎದ್ದರೆ ಇಲ್ಲಿ ಎರಡು ದಿನ ಸುಮ್ಮನೆ ಉದುರುತ್ತದಲ್ಲ, ಜರಡಿ ಹಿಡಿದ ಹಿಟ್ಟಿನಂಥ ಹನಿ, ಅದು. ಗಾಳಿ ಇರಲಿಲ್ಲ. ಗಾಳಿ ಇಲ್ಲದ ದಿನ ಪ್ಲೇಟಿಂಗ್ ಶೆಡ್ಡುಗಳ ಆಸಿಡ್ ವಾಸನೆ ಮೇಲೆ ಹೋಗಲಾರದೆ ಬೀದಿಯಲ್ಲೇ ನಿಂತುಬಿಡುತ್ತದೆ. ಮೂರನೆಯ ಮಹಡಿಯ ಮನೆಯಲ್ಲಿ ಗಂಗಮ್ಮ ಕಿಟಕಿಗಳನ್ನೆಲ್ಲ ಮುಚ್ಚಿ, ಊದುಬತ್ತಿ ಹಚ್ಚಿ, ದೇವರ ಜಗುಲಿಯ ಮುಂದೆ ಎರಡು ಮಣೆ ಹಾಕಿದಳು. ಕಾರ್ತಿಕ ಸೋಮವಾರ. ಗದಿಗೆಯ್ಯ ಸ್ವಾಮಿಗಳು ಮನೆಗೆ ಬರುವವರಿದ್ದರು.

ಸೊಸೆ ಶೈಲಜಾ ತಲೆಸ್ನಾನ ಮಾಡಿ, ಒದ್ದೆ ಕೂದಲಿಗೆ ಟವೆಲ್ ಸುತ್ತಿಕೊಂಡು ಬಂದಳು. ಸ್ವಾಮಿಗಳ ಪಾದಪೂಜೆ ಎಂದಷ್ಟೇ ಅವಳಿಗೆ ಗೊತ್ತಿದ್ದದ್ದು. ವರ್ಷಕ್ಕೊಮ್ಮೆ ಕಾರ್ತಿಕದಲ್ಲಿ ಅದು ನಡೆಯುವುದೇ. ಗಂಡ ರುದ್ರೇಶ ಲೇತ್ ಶೆಡ್ಡಿಗೆ ಹೋಗದೆ ಮನೆಯಲ್ಲಿ ಉಳಿದದ್ದು ಮಾತ್ರ ಅವಳಿಗೆ ಹೊಸತಾಗಿ ಕಂಡಿತು.

ಹಿಂದಿನ ಶುಕ್ರವಾರ ಸ್ಕ್ಯಾನಿಂಗ್ ಕೋಣೆಯಲ್ಲಿ ಡಾಕ್ಟರು ಪರದೆಯನ್ನು ಬಹಳ ಹೊತ್ತು ನೋಡಿದ್ದರು. ಆಮೇಲೆ ಕುರ್ಚಿ ಎಳೆದುಕೊಂಡು ಹತ್ತಿರ ಕೂತರು. ಡಾಕ್ಟರು ಹತ್ತಿರ ಬಂದು ಕೂತರೆಂದರೆ ಒಳ್ಳೆಯ ಸುದ್ದಿಯಲ್ಲ. ಮಗುವಿಗೆ ಎರಡೂ ಕಿಡ್ನಿ ಬೆಳೆದಿಲ್ಲ ಎಂದರು. ಕಿಡ್ನಿಯಿಲ್ಲದೆ ಸುತ್ತ ನೀರು ತುಂಬಿಲ್ಲ, ನೀರಿಲ್ಲದೆ ಶ್ವಾಸಕೋಶ ಅರಳಿಲ್ಲ. ಒಳಗಿರುವಷ್ಟು ದಿನ ತಾಯಿಯ ಜೀವದಲ್ಲಿ ಬದುಕಿರುತ್ತದೆ. ಹೊರಗೆ ಬಂದರೆ ಕೆಲವು ನಿಮಿಷ, ಹೆಚ್ಚೆಂದರೆ ಕೆಲವು ಗಂಟೆ. ಅಷ್ಟೂ ಹೊತ್ತು ಉಸಿರಿಗಾಗಿ ಒದ್ದಾಡುತ್ತದೆ. ಐದನೆಯ ತಿಂಗಳಲ್ಲೇ ಇದು ಕಾಣಬೇಕಿತ್ತು. ಆಗ ಮಗು ಬೋರಲಾಗಿದೆ, ನೀರೂ ಸ್ವಲ್ಪ ಕಡಿಮೆಯಿದೆ, ವಾರ ಬಿಟ್ಟು ಬನ್ನಿ ಎಂದಿದ್ದರು. ಆ ವಾರ ರುದ್ರೇಶನಿಗೆ ದೊಡ್ಡ ಆರ್ಡರು. ಆಮೇಲೆ ಅತ್ತೆಯ ಊರು ರಾಣೆಬೆನ್ನೂರಿನಲ್ಲಿ ಕುಬಸ, ಹಸಿರು ಸೀರೆ, ಹಸಿರು ಬಳೆ, ಬೀಗರ ಮನೆಗಳ ಊಟ. ವಾರವೆಂಬುದು ಬೆಳೆದು ತಿಂಗಳು ದಾಟಿತು. ಈಗ ಇಪ್ಪತ್ತನಾಲ್ಕು ವಾರ ಮೀರಿದೆ, ನಮ್ಮ ಕೈಯಲ್ಲಿಲ್ಲ, ತೆಗೆಸುವುದಾದರೆ ಸರ್ಕಾರಿ ಆಸ್ಪತ್ರೆಯ ಮೆಡಿಕಲ್ ಬೋರ್ಡು ಒಪ್ಪಬೇಕು ಎಂದು ಡಾಕ್ಟರು ಹೇಳಿದರು. ಮೆಟ್ರೋದಲ್ಲಿ ಮನೆಗೆ ಬರುವಾಗಲೇ ಶೈಲಜಾ ನಿಶ್ಚಯಿಸಿದ್ದಳು. ಆ ಒದ್ದಾಟ ತನ್ನ ಮಗುವಿಗೆ ಬೇಡ. ಅವಳಿಗೆ ಬೇಕಿದ್ದದ್ದು ಅಷ್ಟೇ. ಮನೆಗೆ ಬಂದು ಅತ್ತೆಯ ಮುಂದೆ ಹಾಗೆಂದು ಹೇಳಿಯೂ ಇದ್ದಳು.

ಸ್ವಾಮಿಗಳು ಬಂದರು. ಕಾಲು ತೊಳೆದದ್ದಾಯಿತು, ವಿಭೂತಿ ಹಚ್ಚಿದ್ದಾಯಿತು. ಆಮೇಲೆ ಅವರು ಜೋಳಿಗೆಯಿಂದ ಬಿಳಿ ಬಟ್ಟೆಯ ಸಣ್ಣ ಗಂಟೊಂದನ್ನು ತೆಗೆದರು. ಅದೇನೆಂದು ಶೈಲಜಾಳಿಗೆ ನೋಡಿದೊಡನೆ ಗೊತ್ತಾಯಿತು.

ಆ ಮನೆತನದಲ್ಲಿ ಕೂಸಿಗೆ ಲಿಂಗ ಕಟ್ಟಲು ಅದು ಹುಟ್ಟುವ ತನಕ ಕಾಯುವುದಿಲ್ಲ. ಎಂಟನೆಯ ತಿಂಗಳಲ್ಲಿ ಗುರು ಬಂದು ಗರ್ಭದೊಳಗಿನ ಕೂಸಿಗೇ ದೀಕ್ಷೆ ಕೊಡುತ್ತಾನೆ. ಹೆರುವ ತನಕ ತಾಯಿಯ ಕೊರಳಲ್ಲಿ ಎರಡು ಲಿಂಗ, ಒಂದು ತನ್ನದು, ಒಂದು ಕೂಸಿನದು. ಹೆತ್ತ ಮೇಲೆ ಕೂಸಿನದು ಕೂಸಿನ ಕೊರಳಿಗೆ. ತಾಯಿಯ ರಕ್ತದಲ್ಲಿ ಬೆಳೆಯುವ ಜೀವ ಲೋಕದ ಬೆಳಕು ಕಾಣುವ ಮೊದಲೇ ಶಿವನ ಕಣ್ಣಿಗೆ ಬೀಳಲಿ ಎಂದು ಹಿರಿಯರು ಮಾಡಿದ್ದು. ಎಂಥ ಮೃದುವಾದ ವಿಚಾರ ಅದು! ಮೃದುವಾದದ್ದನ್ನೂ ಮನುಷ್ಯ ಹಗ್ಗ ಮಾಡಿಕೊಳ್ಳಬಲ್ಲ.

"ಎಂಟರಾಗ ಬಿತ್ತೇನವಾ?" ಸ್ವಾಮಿಗಳು ಕೇಳಿದರು.

"ಬಿತ್ರಿ ಅಯ್ಯಾರ," ಎಂದಳು ಗಂಗಮ್ಮ, ವಿಭೂತಿಯ ತಟ್ಟೆ ಹಿಡಿದುಕೊಂಡೇ.

ಏಳು ಆಗಷ್ಟೇ ಹಿಡಿದಿತ್ತು. ಹುಟ್ಟಿದಂದಿನಿಂದ ಜಂಗಮರ ಮುಂದೆ ಸುಳ್ಳಾಡದ ಹೆಂಗಸು ಗಂಗಮ್ಮ. ಶೈಲಜಾ ಗಂಡನ ಮುಖ ನೋಡಿದಳು. ಅವನು ನೆಲದ ಟೈಲ್ಸ್ ನೋಡುತ್ತಿದ್ದ. ಅವಳು ಬಾಯಿ ತೆರೆಯಬಹುದಿತ್ತು, ತೆರೆಯಲಿಲ್ಲ. ಸ್ವಾಮಿಗಳು ಕಣ್ಣು ಮುಚ್ಚಿ ಪಂಚಾಕ್ಷರಿಯನ್ನು ಮೆಲ್ಲಗೆ ಉಸುರತೊಡಗಿದಾಗ ಒಳಗೆ ಕೂಸು ಒಮ್ಮೆ ಹೊರಳಿತು, ಆ ಒಂದು ಗಳಿಗೆ ಅವಳೂ ಆಸೆಪಟ್ಟಳು: ಪವಾಡವೆಂಬುದು ಇದ್ದರೆ ಇರಲಿ, ಇಲ್ಲೇ ಈಗಲೇ ಆಗಲಿ. ಶಿವದಾರ ಕೊರಳಿಗೆ ಬಿತ್ತು.

ಸ್ವಾಮಿಗಳು ಮೆಟ್ಟಿಲಿಳಿದ ಮೇಲೆ ಗಂಗಮ್ಮ ಕಿಟಕಿ ತೆರೆದಳು. "ಇನ್ನ ಯಾರೂ ಏನೂ ಮಾಡಾಕ ಬರಂಗಿಲ್ಲ," ಎಂದಳು. "ಅದು ಶಿವನ ಕೂಸಾತು."

ಪವಾಡಕ್ಕೆಂದು ಕಟ್ಟಿಸಿದ್ದಲ್ಲ, ಬೇಲಿಗೆಂದು ಕಟ್ಟಿಸಿದ್ದು ಎಂದು ಶೈಲಜಾಳಿಗೆ ಆಗ ತಿಳಿಯಿತು.

"ನಿಮಗೆ ಗೊತ್ತಿತ್ತಾ?" ಎಂದು ಗಂಡನನ್ನು ಕೇಳಿದಳು.

"ಅವ್ವ ಹೇಳಿದ್ಲು. ಸಮಾಧಾನ ಆಗ್ಲಿ ಅಂತ…"

"ಯಾರಿಗೆ?"

ರುದ್ರೇಶ ಚಪ್ಪಲಿ ಮೆಟ್ಟಿಕೊಂಡು ಶೆಡ್ಡಿಗೆ ಹೋದ.

ಆ ವಾರ ಟೀವಿಯಲ್ಲೂ ಅದೇ ಮಾತು ನಡೆಯುತ್ತಿತ್ತು. ಎಲ್ಲೋ ಒಬ್ಬ ಹೆಂಗಸು ತುಂಬ ತಡವಾಗಿ ಗರ್ಭ ತೆಗೆಸಲು ಕೋರ್ಟಿಗೆ ಹೋಗಿದ್ದಳಂತೆ. ಪರದೆಯ ಮೇಲೆ ಆರು ಚೌಕಗಳಲ್ಲಿ ಆರು ಮುಖ. ಕೋಟು ತೊಟ್ಟ ಒಬ್ಬ "ಹುಟ್ಟದ ಮಗುವಿಗೆ ವಕೀಲರು ಯಾರು?" ಎಂದು ಕೂಗಿದರೆ, ಕನ್ನಡಕದ ಹೆಂಗಸೊಬ್ಬಳು "ಹೆಣ್ಣು ಅಂದ್ರೆ ಇನ್‌ಕ್ಯುಬೇಟರ್ ಅಲ್ಲ!" ಎಂದು ಕೂಗುತ್ತಿದ್ದಳು. ನಡುವೆ ಬೇಬಿ ಸೋಪಿನ ಜಾಹೀರಾತು. ಗಂಗಮ್ಮ ಬತ್ತಿ ಹೊಸೆಯುತ್ತ ನೋಡುತ್ತಿದ್ದಳು. ಕೋಟಿನವನು ಮಾತಾಡುವಾಗ ಶಬ್ದ ಜಾಸ್ತಿ ಮಾಡುತ್ತಿದ್ದಳು.

ಫ್ಯಾಕ್ಟರಿಯಲ್ಲಿ ಶೈಲಜಾಳ ಪಕ್ಕದ ಮೇಜಿನ ಮೇಘಾ ಆ ಕನ್ನಡಕದ ಹೆಂಗಸಿನ ಕಡೆಯವಳು. ಇಬ್ಬರೂ ಪಂಪ್ ಬಿಡಿಭಾಗಗಳ ಕ್ವಾಲಿಟಿ ನೋಡುವವರು.

"ನೀನು ಯಾರ ಪರ್ಮಿಷನ್ನೂ ಕೇಳ್ಬೇಕಾಗಿಲ್ಲ ಕಣೇ. ನಿನ್ ಬಾಡಿ, ನಿನ್ ರೈಟು. ಮುಗೀತು."

"ಒಳಗೆ ಒದೀತಾ ಇದೆ ಮೇಘಾ."

"ಅದು ಬರೀ ರಿಫ್ಲೆಕ್ಸು ಶೈಲೂ. ಅಷ್ಟೊಂದು ಸೆಂಟಿ ಆಗ್ಬೇಡ."

ಶೈಲಜಾ ಟಿಫಿನ್ ಡಬ್ಬಿ ಮುಚ್ಚಿದಳು. ಅತ್ತೆಯ ಮಾತಿನಲ್ಲಿ ತಾನು ಇರುವುದಿಲ್ಲ, ಗೆಳತಿಯ ಮಾತಿನಲ್ಲಿ ಕೂಸು ಇರುವುದಿಲ್ಲ. ತಾನೂ ಕೂಸೂ ಒಟ್ಟಿಗೆ ಇರುವುದು ತನ್ನ ಮೈಯಲ್ಲಿ ಮಾತ್ರ ಎಂದುಕೊಂಡಳು. ಚಿತ್ರದುರ್ಗದ ಅಪ್ಪನಿಗೆ ಫೋನು ಮಾಡಿದರೆ, "ನಿಮ್ಮತ್ತೆ ತಿಳಿದೋರು, ಅವ್ರು ಹೇಳ್ದಂಗೆ ಕೇಳಮ್ಮ," ಎಂದು ಬೇರೆ ಮಾತಿಗೆ ಹೊರಳಿದರು.

ಬೋರ್ಡಿಗೆ ಹೋಗುವ ದಿನ ರುದ್ರೇಶನಿಗೆ ಅರ್ಜೆಂಟ್ ಡಿಸ್ಪ್ಯಾಚು ಇತ್ತು. ಮೇಘಾಳೇ ರಜೆ ಹಾಕಿ ಜೊತೆಗೆ ಬಂದಳು. ಸೆಂಟಿ ಆಗಬೇಡ ಎಂದವಳು ಮೆಟ್ರೋದಲ್ಲಿ ಉದ್ದಕ್ಕೂ ಗೆಳತಿಯ ಕೈ ಬಿಡಲಿಲ್ಲ.

ಉದ್ದನೆಯ ಮೇಜಿನ ಹಿಂದೆ ನಾಲ್ಕೈದು ಡಾಕ್ಟರುಗಳು. ಮತ್ತೊಮ್ಮೆ ಸ್ಕ್ಯಾನ್ ಮಾಡಲು ಮಲಗಿಸಿದಾಗ ಹಿರಿಯ ಲೇಡಿ ಡಾಕ್ಟರೊಬ್ಬರು ಅವಳ ಸೆರಗು ಸರಿಸಿ ನಿಂತರು.

"ಇದೇನಮ್ಮ, ಎರಡೆರಡು?"

"ಒಂದು ನಂದು ಮೇಡಂ. ಇನ್ನೊಂದು ಮಗೂದು."

ಡಾಕ್ಟರು ಅವಳನ್ನೇ ನೋಡಿದರು. "ಮಗೂಗೆ ದೇವ್ರನ್ನ ಕಟ್ಟಿಸ್ಕೊಂಡು, ನಮ್ಮತ್ರ ಇದನ್ನ ಕೇಳೋಕೆ ಬಂದಿದೀಯಲ್ಲ?"

"ನಾನು ಕಟ್ಟಿಸ್ಕೊಂಡಿಲ್ಲ. ಕಟ್ಟಿದ್ರು."

ಯಾರೋ ಕೆಮ್ಮಿದರು. ಜೆಲ್ ಹಚ್ಚಿದರು, ಪರದೆ ನೋಡಿದರು, ತಮ್ಮತಮ್ಮಲ್ಲೇ ಇಂಗ್ಲಿಷಿನಲ್ಲಿ ಮಾತಾಡಿಕೊಂಡರು. ಆಮೇಲೆ ಅದೇ ಹಿರಿಯ ಡಾಕ್ಟರು ಮೆತ್ತಗಿನ ದನಿಯಲ್ಲಿ ಹೇಳಿದರು: "ಸರಿಯಾಗಿ ಕೇಳಿಸ್ಕೊ. ಮೊದಲು ಒಂದು ಇಂಜೆಕ್ಷನ್ನಿಂದ ಮಗುವಿನ ಹೃದಯ ನಿಲ್ಲಿಸ್ತೀವಿ. ಆಮೇಲೆ ನೋವು ಬರಿಸಿ ಹೆರಿಗೆ. ಹೆರೋದು ನೀನೇ. ನೋವಿಗೆ ರಿಯಾಯಿತಿ ಇಲ್ಲ. ಗೊತ್ತಾಯ್ತಾ?"

"ಗೊತ್ತಾಯ್ತು."

"ಆಮೇಲೆ ನಮ್ಮನ್ನ ಬೈಬಾರ್ದು."

"ಇಲ್ಲಿ ಯಾರನ್ನೂ ಬೈಯೋಕೆ ಬಂದಿಲ್ಲ ಮೇಡಂ. ಅದು ಒದ್ದಾಡ್ಬಾರ್ದು, ಅಷ್ಟೇ."

ಮಾರನೆಯ ದಿನ ಒಪ್ಪಿಗೆ ಬಂತು.

ಸಂಜೆ ಅವಳು ಮನೆಗೆ ಬಂದಾಗ ಗದಿಗೆಯ್ಯ ಸ್ವಾಮಿಗಳು ಸೋಫಾದ ತುದಿಯಲ್ಲಿ ಕೂತಿದ್ದರು. ಗಂಗಮ್ಮನೇ ಕರೆಸಿದ್ದಳು. ರುದ್ರೇಶ ಕೈಯಲ್ಲಿ ಬೈಕಿನ ಕೀಲಿ ಆಡಿಸುತ್ತ ಬಾಗಿಲ ಬಳಿ ನಿಂತಿದ್ದ, ಒಳಗೂ ಅಲ್ಲ, ಹೊರಗೂ ಅಲ್ಲ.

"ನೀವರ ಹೇಳ್ರಿ ಅಯ್ಯಾರ," ಎಂದಳು ಗಂಗಮ್ಮ. "ದೀಕ್ಷಾ ಆದ ಕೂಸನ್ನ ಕೊಂದು ಬರತೇನಿ ಅಂತಾಳ ಇಕಿ. ಇದು ಯಾವ ಶಾಸ್ತ್ರದಾಗ ಐತಿ?"

"ಅತ್ತೆ, ಸ್ಕ್ಯಾನಿನ ವಿಷಯ ಹೇಳಿದೀರಾ ಅವರಿಗೆ?"

ಗಂಗಮ್ಮ ಜಗುಲಿಯ ಕಡೆ ತಿರುಗಿದಳು. ಶೈಲಜಾಳೇ ಹೇಳಿದಳು, ಕಿಡ್ನಿ, ನೀರು, ಉಸಿರು ಎಲ್ಲ. ಆಗಿನ್ನೂ ಏಳನೆಯ ತಿಂಗಳಾಗಿತ್ತೆಂಬುದನ್ನೂ ಹೇಳಿದಳು. ಸ್ವಾಮಿಗಳು ಕೇಳುತ್ತ ಕೇಳುತ್ತ ಕುಗ್ಗಿದಂತೆ ಕಂಡರು.

"ಹುಟ್ಟಿ ಉಸಿರಿಲ್ದೆ ಒದ್ದಾಡಿ ಹೋಗುತ್ತಂತೆ," ಶೈಲಜಾ ಅತ್ತೆಯತ್ತ ತಿರುಗಿದಳು. "ಅದನ್ನ ನೋಡ್ಬೇಕಾ ನಿಮಗೆ?"

"ನೋಡತೇನಿ!" ಗಂಗಮ್ಮನ ದನಿ ಒಡೆಯಿತು. "ನನ್ನ ಉಡಿಯಾಗ ಇಟಗೊಂಡು ನೋಡತೇನಿ. ಬಾಯಾಗ ನೀರು ಬಿಡತೇನಿ, ಕಿವಿಯಾಗ ಶಿವನ ಹೆಸರು ಹೇಳತೇನಿ. ಅದರ ಆಯುಷ್ಯ ಎಷ್ಟೈತೋ ಅಷ್ಟು ಅದು ಮುಗಿಸಿಕೊಂಡು ಹೋಗಲಿ. ಅರ್ಧ ತಾಸರ ಆಗಲಿ. ಅದು ಅದರದು. ಕಸಗೊಳ್ಳಾಕ ನೀ ಯಾರು?"

"ನಿಮ್ಮ ಉಡಿಯಲ್ಲಿ ಅರ್ಧ ಗಂಟೆ ಅತ್ತೆ. ನನ್ನ ಹೊಟ್ಟೇಲಿ ಇನ್ನೂ ಮೂರು ತಿಂಗಳು. ದಿನಾ ಲಿಫ್ಟಲ್ಲಿ ಯಾರಾದ್ರೂ ಕೇಳ್ತಾರೆ, ಯಾವಾಗ ಡೇಟು ಅಂತ. ನಗ್ತಾ ಹೇಳ್ಬೇಕು. ಒಳಗೆ ಒದ್ದಾಗೆಲ್ಲ ನಾನು ಅದರ ಸಾವು ನೆನೀಬೇಕು. ಆಯುಷ್ಯ ಅದರದು ಸರಿ. ಈ ಮೂರು ತಿಂಗಳು ಯಾರದು?"

ಕೆಳಗೆ ಗಾರೆ ಮಿಕ್ಸರ್ ಲಾರಿ ತಿರುಗುವ ಸದ್ದು ಬಂದು ಹೋಯಿತು. ಎಲ್ಲರೂ ಸ್ವಾಮಿಗಳನ್ನು ನೋಡಿದರು.

"ಗಂಗವ್ವಾ, ನನಗ ಮುಚ್ಚಿಟ್ಟು ಕಟ್ಟಿಸಿದಿ," ಎಂದರು ಅವರು. "ಆದರೂ ಕಟ್ಟಿದ್ದು ಕಟ್ಟಿದ್ದ. ಅದು ಹೊರಗ ಬಂದು ಉಸಿರಾಡಲಿ, ಬಿಡಲಿ, ಇನ್ನ ಅದು ನಮ್ಮ ಪೈಕಿ ಜೀವ. ತೆಗಿ ಅನ್ನಾಕ ನನಗ ಅಧಿಕಾರ ಇಲ್ಲ. ಬ್ಯಾಡ ಅನ್ನಾಕ ನನಗ ಹೊಟ್ಟಿಯಿಲ್ಲ." ಎದ್ದು ಜೋಳಿಗೆ ಹೆಗಲಿಗೇರಿಸಿದರು. "ಮಣ್ಣಿಗಿಡುವಾಗ ಕರೀರಿ. ಬರತೇನಿ."

ಯಾರಿಗೂ ಬೇಕಾದ ಮಾತನ್ನು ಅವರು ಆಡಲಿಲ್ಲ. ಗಂಗಮ್ಮ ಅವತ್ತು ಸೊಸೆ ಹಚ್ಚಿದ ದೀಪಕ್ಕೆ ಕೈ ಮುಗಿಯಲಿಲ್ಲ. "ಆಸ್ಪತ್ರಿಗೆ ನಾ ಬರಂಗಿಲ್ಲ," ಎಂದು ಮಗನಿಗೆ ಹೇಳಿ ಕೋಣೆಯ ಬಾಗಿಲು ಹಾಕಿಕೊಂಡಳು.

ಇಂಜೆಕ್ಷನ್ ಕೊಡುವಾಗ ಪರದೆಯನ್ನು ಶೈಲಜಾಳಿಂದ ಆಚೆ ತಿರುಗಿಸಿದ್ದರು. ಅವಳು ನರ್ಸಿನ ಮುಖ ನೋಡುತ್ತಿದ್ದಳು. ನರ್ಸು ಕಣ್ಣು ಕೆಳಗಿಳಿಸಿದಾಗ ಆಯಿತೆಂದು ತಿಳಿಯಿತು. ಆಮೇಲೆ ನೋವು. ಪಕ್ಕದ ಹಾಸಿಗೆಗಳಲ್ಲೂ ಅದೇ ನೋವು, ಅದೇ ಕೂಗು. ಅವರ ಕೂಗಿನ ಕೊನೆಗೆ ಒಂದು ಅಳು ಹುಟ್ಟುತ್ತಿತ್ತು. ಅವಳ ಕೂಗಿನ ಕೊನೆಗೆ ಯಾರೋ ಸ್ಟೀಲ್ ತಟ್ಟೆ ಎತ್ತಿಕೊಂಡು ಹೋದ ಸದ್ದು. "ತೋರಿಸಿ" ಎಂದು ಹೇಳಿದೆನೆಂದೇ ಅವಳು ತಿಳಿದಳು. ನಾಲಿಗೆ ಹೊರಳಿರಲಿಲ್ಲ. ರಕ್ತ ನಿಲ್ಲದ್ದಕ್ಕೆ ಒಳಗೆ ಸ್ವಚ್ಛ ಮಾಡಬೇಕೆಂದು ಅರಿವಳಿಕೆ ಕೊಟ್ಟರು.

ಹೊರಗೆ ಆಯಾ ರುದ್ರೇಶನನ್ನು ಕೇಳಿದಳು: "ಸಾರ್, ಮಗೂನ ನೀವು ತಗೊಂಡೋಗ್ತೀರಾ, ಇಲ್ಲೇ ಬಿಡ್ತೀರಾ?"

ದೊಡ್ಡ ಕಂಪನಿಗಳಿಗೆ ಮಾಲು ಒಪ್ಪಿಸಿ ಒಪ್ಪಿಸಿ ರುದ್ರೇಶನಿಗೆ ಒಂದು ಮಾತು ಬಾಯಿಪಾಠವಾಗಿತ್ತು. ಬೇಡವೆಂದು ವಾಪಸು ಬಂದ ಪೀಸುಗಳ ವಿಷಯದಲ್ಲಿ ಜಗಳವಾಡಿದರೆ ಮುಂದಿನ ಆರ್ಡರು ಸಿಗುವುದಿಲ್ಲ. ಅದೇ ಮಾತು ಈಗಲೂ ತಾನಾಗಿ ಬಂತು.

"ನಿಮ್ಮ ರೂಲ್ಸ್ ಹೇಗಿದೆಯೋ ಹಾಗೆ ಮಾಡಿ."

ಬೆಳಿಗ್ಗೆ ಶೈಲಜಾ ಕಣ್ಣು ಬಿಟ್ಟು ಮೊದಲು ಕೇಳಿದ್ದು ಒಂದೇ. "ಎಲ್ಲಿ?"

"ಅವ್ರು ನೋಡ್ಕೊಂಡ್ರು," ಎಂದ ರುದ್ರೇಶ.

"ಏನು ನೋಡ್ಕೊಂಡ್ರು?"

"ಅಂದ್ರೆ… ಇಲ್ಲೇ ಅದಕ್ಕೆ ವ್ಯವಸ್ಥೆ ಇರುತ್ತೆ. ನೀನು ನೋಡಿದ್ರೆ ತಡ್ಕೊಳಲ್ಲ ಅಂತ…"

"ನಾನೋ? ನೀವೋ?"

"ಶೈಲಾ, ಕೂಗ್ಬೇಡ. ಜನ ಇದಾರೆ."

"ಇದಾರೆ. ಕೇಳ್ಲಿ." ಅವಳು ಕೂಗುತ್ತಿರಲಿಲ್ಲ. "ಬೋರ್ಡಿಗೆ ಬರ್ಲಿಲ್ಲ. ಅಯ್ಯಾರ ಮುಂದೆ ಬಾಯಿ ಬಿಡ್ಲಿಲ್ಲ. ನಾನು, ಅತ್ತೆ, ಇಬ್ರಲ್ಲಿ ಯಾರ ಪರವಾಗೂ ಒಂದು ಮಾತಾಡ್ಲಿಲ್ಲ ನೀವು. ಬಾಯಿ ಬಿಟ್ಟಿದ್ದು ಒಂದೇ ಸಲ, ಅದೂ ಕಸಕ್ಕೆ ಹಾಕಿ ಅನ್ನೋಕೆ."

ಅವಳು ಹಾಸಿಗೆಯಿಂದ ಕಾಲು ಇಳಿಸಿದಳು. ಎದ್ದು ನಿಲ್ಲಲಾಗದೆ ಹಾಗೇ ಕಂಬಿ ಹಿಡಿದು ಕೂತಳು. ರುದ್ರೇಶ ವರಾಂಡಕ್ಕೆ ಬಂದ. ಚಿಕ್ಕಂದಿನಿಂದ ತನ್ನಿಂದ ಆಗದ್ದು ಎದುರಾದಾಗಲೆಲ್ಲ ಅವನು ಮಾಡುತ್ತಿದ್ದದ್ದನ್ನೇ ಈಗಲೂ ಮಾಡಿದ. ಅವ್ವನಿಗೆ ಫೋನು ಹಚ್ಚಿದ.

ಗಂಗಮ್ಮ ಪೂರ್ತಿ ಕೇಳಿಸಿಕೊಂಡಳು. "ತಾಯಿ ನೋಡಿದ್ಲೇನು?" ಎಂದಳು.

"ಇಲ್ಲವ್ವ."

"ಮುಖಾ ಸೈತ ತೋರಿಸಲಿಲ್ಲ?"

"ಇಲ್ಲ."

ಅತ್ತಲಿಂದ ಫೋನು ಕಟ್ಟಾಯಿತು. ಬರುವುದಿಲ್ಲ ಎಂದಿದ್ದವಳು ಹನಿಯಲ್ಲಿ ನೆನೆಯುತ್ತ ಆಟೋ ಇಳಿದಳು. ಸೊಸೆಯಿದ್ದ ವಾರ್ಡಿನ ಕಡೆ ತಲೆಯೆತ್ತಿ ನೋಡಲಿಲ್ಲ. ಸಿಕ್ಕಸಿಕ್ಕವರನ್ನು ಕೇಳುತ್ತ ಆಸ್ಪತ್ರೆಯ ಹಿಂಭಾಗಕ್ಕೆ ಹೋದಳು. ಅಲ್ಲಿ ತಗಡಿನ ಬಾಗಿಲಿನ ಒಂದು ಕೋಣೆ. ಒಳಗೆ ಹಳದಿ ಚೀಲಗಳು. ಮಧ್ಯಾಹ್ನ ಸುಡುವ ಕಡೆಗೆ ಗಾಡಿ ಹೊರಡುತ್ತದೆ. ಗಂಗಮ್ಮ ಆ ಬಾಗಿಲಿಗೆ ಬೆನ್ನು ಕೊಟ್ಟು ನೆಲದ ಮೇಲೆ ಕೂತುಬಿಟ್ಟಳು. ಹಿಂದೆ ಬಂದ ರುದ್ರೇಶ ಕೊಡೆ ಹಿಡಿಯಲು ಹೋದರೆ ಅವನ ಕೈ ತಳ್ಳಿದಳು.

ಉಸ್ತುವಾರಿಯ ಶ್ಯಾಮಣ್ಣ ಬಂದ. "ಅಜ್ಜೀ, ಇಲ್ಲೆಲ್ಲ ಕೂತ್ಕೋಬಾರ್ದು. ಏಳಿ, ಏಳಿ. ಇನ್ಫೆಕ್ಷನ್ ಆಗುತ್ತೆ."

"ನಮ್ಮ ಮನಿ ಕೂಸು ಒಳಗೈತಿ."

"ಇಲ್ಲಿ ಕೂಸು ಪಾಸು ಇರಲ್ಲ ಅಜ್ಜಿ. ಆರು ಏಳು ತಿಂಗಳದ್ದೆಲ್ಲ ಮಗು ಅಂತ ಲೆಕ್ಕಕ್ಕೆ ಬರಲ್ಲ. ನಿಮ್ಮೋರೇ ಬಿಡ್ತೀವಿ ಅಂದಿದಾರೆ."

"ಅಂದಾಂವ ಇಲ್ಲೇ ನಿಂತಾನ. ಅವಂಗ ಬುದ್ಧಿ ಇಲ್ಲ," ಎಂದಳು ಗಂಗಮ್ಮ, ಮಗನ ಕಡೆ ನೋಡದೆ. "ಅದಕ್ಕ ಲಿಂಗ ಕಟ್ಟೇವಿ. ಅವರವ್ವನ ಕೊರಳಾಗ ಐತಿ, ಮ್ಯಾಲ ಹೋಗಿ ನೋಡಿ ಬಾ. ಲಿಂಗ ಕಟ್ಟಿದ್ದನ್ನ ನಾವು ಸುಡಂಗಿಲ್ಲೋ ತಮ್ಮಾ. ಮಣ್ಣಾಗ ಕುಂಡ್ರಸತೇವಿ. ನೀ ಕೊಡೂತನಕ ನಾ ಏಳಂಗಿಲ್ಲ."

ಶ್ಯಾಮಣ್ಣ ಬೈದ, ಸೆಕ್ಯುರಿಟಿಯನ್ನು ಕರೆಯುತ್ತೇನೆಂದ. ಗಾಡಿಯವನು ಹಾರ್ನ್ ಮಾಡಿದ. ಗಂಗಮ್ಮ ಕಣ್ಣು ಮುಚ್ಚಿ ಐದಕ್ಷರಗಳನ್ನು ಎಣಿಸುತ್ತಿದ್ದಳು. ತಾನು ಬೇಲಿಯೆಂದು ಕಟ್ಟಿಸಿದ್ದು ಇಂದು ಯಾತಕ್ಕೆ ಬಂತೆಂದು ಅವಳು ಯೋಚಿಸಿದಳೋ ಇಲ್ಲವೋ, ಶಿವನೇ ಬಲ್ಲ. ಕೊನೆಗೆ ಬೋರ್ಡಿನ ಆ ಹಿರಿಯ ಡಾಕ್ಟರಿಗೆ ಸುದ್ದಿ ಹೋಯಿತು. ಅವರೇ ಇಳಿದು ಬಂದರು. ಕೆಸರಲ್ಲಿ ಕೂತ ಮುದುಕಿಯನ್ನು ನೋಡಿ, "ಕೊಟ್ಟುಬಿಡಿ," ಎಂದಷ್ಟೇ ಹೇಳಿ ಹೊರಟುಹೋದರು.

ಗಂಗಮ್ಮ ತನ್ನ ಕೈಚೀಲದಿಂದ ಮಡಿಬಟ್ಟೆ ತೆಗೆದಳು. ನಲ್ಲಿಯ ಕೆಳಗೆ ಅಂಗೈಯಲ್ಲೇ ನೀರು ಹಿಡಿದು ಕೂಸನ್ನು ತೊಳೆದಳು. ಹಣೆಯಿದ್ದ ಕಡೆ ವಿಭೂತಿ ಒತ್ತಿದಳು. ಸುತ್ತಿದಳು. "ನಾ ಹಿಡ್ಕೋತೀನಿ ಅವ್ವ," ಎಂದ ರುದ್ರೇಶನಿಗೆ, "ನೀ ಹೋಗಿ ಅಯ್ಯಾರಿಗೆ ಹೇಳು," ಎಂದಳು.

ಲಿಫ್ಟಿನಲ್ಲಿ ಸ್ಟ್ರೆಚರ್ ಇತ್ತು. ಮೆಟ್ಟಿಲು ಹತ್ತಿದಳು. ವಾರ್ಡಿನಲ್ಲಿ ಒಬ್ಬ ಬಾಣಂತಿಗೆ ಗಂಜಿ ಕುಡಿಸುತ್ತಿದ್ದರು. ಇನ್ನೊಬ್ಬಳ ಕೂಸು ಚೀರುತ್ತಿತ್ತು. ಶೈಲಜಾ ಆಗಿನಿಂದ ಹಾಗೇ ಕಂಬಿ ಹಿಡಿದು ಕೂತಿದ್ದಳು. ಅತ್ತೆಯನ್ನು ಕಂಡು ಅವಳ ಮುಖ ಬಿಗಿಯಿತು. ಬೈಗುಳಕ್ಕೆ ಸಿದ್ಧವಾಗಿ ಗಲ್ಲ ಎತ್ತಿದಳು. ಗಂಗಮ್ಮ ಅವಳ ಕಣ್ಣಿಗೆ ಕಣ್ಣು ಕೊಡಲಿಲ್ಲ. ಮಾಡಿದ್ದು ಸರಿಯೆಂದು ಹೇಳಲಿಲ್ಲ, ತಪ್ಪೆಂದೂ ಹೇಳಲಿಲ್ಲ. ಆ ಮಾತು ಅವರಿಬ್ಬರ ನಡುವೆ ಮುಂದೆಂದೂ ತೀರುವಂಥದ್ದಲ್ಲ.

ಬಾಗಿ, ಸೊಸೆಯ ಮಂಡಿಗಳ ಮೇಲೆ ಸೀರೆಯನ್ನು ಸರಿಮಾಡಿ, ಬಿಳಿ ಬಟ್ಟೆಯ ಆ ಹಗುರಾದ ಭಾರವನ್ನು ಅವಳ ಉಡಿಯಲ್ಲಿ ಇಟ್ಟಳು.